ಇದು ಯಾವ ದೇವ್ರು ಸಾರ್?

ದಾವಣಗೆರೆಲಿ ಮಣ್ಣಿನ ಶಿಲ್ಪಗಳ ಎಕ್ಸಿಬಿಷನ್ ಹಾಕಿದ್ರೆ ಜನ ಕೇಳೋ ಮೊದಲ್ನೇ ಪ್ರಶ್ನೆ ರೇಟ್ ಎಷ್ಟು ಅನ್ನೋದಲ್ಲ, ಅದು ಎರಡನೇದು. ಮೊದಲ್ನೇದು "ಇದು ಯಾವ ದೇವ್ರು ಸಾರ್?" ಊರೊಳಗಿನ ಒಂದು ಗ್ಯಾಲರಿಲಿ ಈಚೆಗೆ ನಡೆದ ಶೋನಲ್ಲಿ ಸಂಜೆ ಹೊತ್ತು ಪ್ಲಾಸ್ಟಿಕ್ ಚೇರ್ ಎಳ್ಕೊಂಡು ಕಲಾವಿದರ ಪಕ್ಕದಲ್ಲೇ ಕೂತಿದ್ದೆ, ಕಿವಿಯಾರೆ ಕೇಳಿದ್ದು ಇದು. ಮಕ್ಕಳು ಮರಿ ಕಟ್ಕೊಂಡು ಬಂದೋರು ಕೇಳಿದ್ರು, ಬ್ಯಾಗ್ ಹಾಕ್ಕೊಂಡಿದ್ದ ಕಾಲೇಜ್ ಹುಡುಗ್ರು ಕೇಳಿದ್ರು, ಒಬ್ಬ ಯಜಮಾನ್ರು ಬಾಗಿಲಲ್ಲೇ ನಿಂತು ಚಪ್ಪಲಿ ಹೊರಗೆ ಬಿಡ್ಬೇಕಾ ಅಂತ ಬೇರೆ ವಿಚಾರಿಸಿದ್ರು. ಕಲಾವಿದರು ಬೇಜಾರಿಲ್ಲದೆ ಎಲ್ಲರಿಗೂ ಅದೇ ಉತ್ತರ ಕೊಡ್ತಿದ್ರು, "ದೇವ್ರಲ್ಲ ಸಾರ್, ಮನುಷ್ಯರು." ಆಗ ಜನರ ಮುಖದಲ್ಲಿ ಒಂಥರಾ ನಿರಾಸೆ. ಮನುಷ್ಯರನ್ನ ನೋಡೋಕೆ ಇಲ್ಲಿ ತನಕ ಬರ್ಬೇಕಿತ್ತಾ ಅನ್ನೋ ಥರ.

ಅವರ ಹೆಸರು ಇಲ್ಲಿ ಹಾಕ್ತಿಲ್ಲ, ಬೇಡ ಅಂತ ಅವರೇ ಹೇಳಿದ್ದಾರೆ, ಗೊತ್ತಿರೋರಿಗೆ ಹೆಂಗೂ ಗೊತ್ತಾಗುತ್ತೆ. ಚಿತ್ರದುರ್ಗದ ಕಡೆ ಹಳ್ಳಿಯವರು, ನಮ್ಮೂರ ದೃಶ್ಯಕಲಾ ಕಾಲೇಜಲ್ಲೇ ಶಿಲ್ಪಕಲೆ ಓದಿದೋರು. ಆ ಕಾಲೇಜು 1964ರಿಂದ ಇದೆ, ಬೆಣ್ಣೆ ದೋಸೆ ಹೋಟೆಲ್ ಯಾವ ಗಲ್ಲಿಲಿ ಎಷ್ಟಿದಾವೆ ಅಂತ ಲೆಕ್ಕ ಹೇಳೋ ನಮ್ ಜನಕ್ಕೆ ಅದು ಎಲ್ಲಿದೆ ಅಂತ ಕೇಳಿದ್ರೆ ಮುಖ ಮುಖ ನೋಡ್ಕೋತಾರೆ, ಆ ವಿಷ್ಯ ಇನ್ನೊಂದಿನ ಬರೀತೀನಿ.

ಶೋನಲ್ಲಿ ಇದ್ದಿದ್ದು ಮೂವತ್ತರ ಹತ್ರ ಹತ್ರ ಗೊಂಬೆಗಳು, ಗೊಂಬೆ ಅಂದ್ರೆ ಕೆಲವ್ರಿಗೆ ಸಿಟ್ಟು ಬರುತ್ತೆ, ಶಿಲ್ಪ ಅನ್ಬೇಕಂತೆ, ಮಾಡಿದೋರೇ ಗೊಂಬೆ ಅಂತಿದ್ರು, ನಾನೂ ಹಂಗೇ ಅಂತೀನಿ. ಅಂಗೈ ಮೇಲೆ ಕೂರೋ ಸೈಜಿನಿಂದ ಹಿಡಿದು ಮೊಣಕಾಲೆತ್ತರದ ತನಕ. ಮುಕ್ಕಾಲು ಪಾಲು ಕೂತಿರೋರೇ. ಕುಕ್ಕರಗಾಲಲ್ಲಿ ಕೂತೋರು, ಗೋಡೆಗೆ ಒರಗಿ ಕೂತೋರು, ಕಾಲು ಚಾಚಿ ಕೂತೋರು, ಇನ್ನೇನು ಏಳ್ತಾರೆ ಅನ್ನೋ ಥರ ಒಂದು ಕೈ ನೆಲಕ್ಕೆ ಊರಿ ಕೂತೋರು.

ಅದ್ರಲ್ಲಿ ಒಬ್ಬಳು ಮುದುಕಿ ಇದ್ದಳು. ಎತ್ತರ ಒಂದು ಮೊಳ ಅಷ್ಟೇ. ಕುಕ್ಕರಗಾಲಲ್ಲಿ ಕೂತು ಮೊಣಕಾಲಿಗೆ ಗದ್ದ ಒತ್ತಿ ಸೆರಗಿನ ಅಂಚನ್ನ ಎರಡೂ ಕೈಲಿ ಬಾಯಿಗೆ ಹಿಡ್ಕೊಂಡಿದ್ದಾಳೆ. ಮುಂದಿನಿಂದ ನೋಡಿದ್ರೆ ಮುಖದಲ್ಲಿ ಹೇಳ್ಕೊಳ್ಳೋ ಅಂಥದ್ದೇನೂ ಇಲ್ಲ, ಬಾಯಿ ಸೆರಗಿನ ಹಿಂದೆ, ಮೂಗು ಅಂದ್ರೆ ಒಂದು ಚಿವುಟು ಮಣ್ಣು, ಕಣ್ಣು ಅಂದ್ರೆ ಹೆಬ್ಬೆರಳು ಒತ್ತಿದ ಎರಡು ಗುಳಿ. ಜನ ಎಲ್ಲ ಅಲ್ಲೇ ನಿಂತು ಫೋಟೋ ತಗೊಂಡು ಮುಂದೆ ಹೋಗ್ತಿದ್ರು. ನಾನು ಹಿಂದುಗಡೆ ಹೋದೆ. ಅಲ್ಲಿತ್ತು ನೋಡಿ ಕತೆ. ಬೆನ್ನನ್ನ ಅವರು ಸವರೇ ಇಲ್ಲ. ಮಣ್ಣನ್ನ ಹಗ್ಗದ ಥರ ಹೊಸೆದು ಸುತ್ತಿ ಸುತ್ತಿ ಮೇಲಕ್ಕೆ ಏರಿಸಿದ್ದಾರಲ್ಲ, ಆ ಸುತ್ತುಗಳು ಸೊಂಟದ ಹತ್ರ ಹಂಗಂಗೇ ಕಾಣ್ತವೆ, ಮೇಲೆ ಹೋಗ್ತಾ ಹೋಗ್ತಾ ಬೆರಳಿನ ಗುರುತು ಜಾಸ್ತಿ ಆಗಿ, ಹೆಗಲ ಮೂಳೆ ಇರೋ ಕಡೆ ಒಂದೇ ಸಲ ಜೋರಾಗಿ ಒತ್ತಿ ಎಳೆದಿದ್ದಾರೆ, ಆ ಒಂದು ಎಳೆತದಲ್ಲೇ ಮುದುಕಿ ಉಸಿರು ಬಿಗಿ ಹಿಡಿದಿದ್ದಾಳೆ ಅಂತ ಗೊತ್ತಾಗುತ್ತೆ. ಅದರ ಕೆಳಗೆ ರವಿಕೆ ಜಾಗದಲ್ಲಿ ಸಣ್ಣ ಸಣ್ಣ ಚೌಕದ ನೇಯ್ಗೆ ಮೂಡಿತ್ತು. ಹೆಂಗೆ ಮಾಡಿದ್ರಿ ಅಂತ ಕೇಳಿದ್ರೆ "ನಾನ್ ಮಾಡಿದ್ದಲ್ರೀ ಅದು" ಅಂದ್ರು. ಕೆಲಸ ಅರ್ಧಕ್ಕೆ ನಿಲ್ಸಿ ಹೋಗುವಾಗ ಮಣ್ಣು ಒಣಗಬಾರ್ದು ಅಂತ ಹಸಿ ಬಟ್ಟೆ ಹೊದಿಸ್ತಾರೆ, ಬೆಳಿಗ್ಗೆ ಬಂದು ಬಟ್ಟೆ ತೆಗೆದ್ರೆ ಅದರ ಅಚ್ಚು ಬಿದ್ದಿತ್ತಂತೆ, ಅಳಿಸೋಕೆ ಮನಸ್ಸು ಬರ್ಲಿಲ್ಲ ಬಿಟ್ಟೆ ಅಂದ್ರು.

ಆಮೇಲೆ ನಾನು ಎಲ್ಲಾ ಗೊಂಬೆಗಳನ್ನೂ ಬೆನ್ನಿನ ಕಡೆಯಿಂದಲೇ ನೋಡ್ತಾ ಬಂದೆ. ನೀವೂ ಎಲ್ಲಾದ್ರೂ ಇಂಥ ಶೋಗೆ ಹೋದ್ರೆ ಹಂಗೇ ಮಾಡಿ, ಮುಖಕ್ಕೆ ಕಲಾವಿದ್ರು ಸ್ವಲ್ಪನಾದ್ರೂ ಮೇಕಪ್ ಮಾಡಿರ್ತಾರೆ, ಬೆನ್ನಿಗೆ ಮಾಡಿರಲ್ಲ.

ಕಣ್ಣಿನ ವಿಷ್ಯ ಬಂತಲ್ಲ, ಎರಡು ಗುಳಿ ಒತ್ತಿದ್ರೆ ಸಾಕು ಮಣ್ಣಿನ ಮುದ್ದೆ ನಮ್ಮನ್ನ ನೋಡೋಕೆ ಶುರು ಮಾಡುತ್ತೆ ಅನ್ನೋದಕ್ಕೆ ದೊಡ್ಡ ಸಾಕ್ಷಿ ಇಂಗ್ಲೆಂಡಿನ ಶಿಲ್ಪಿ ಆಂಟನಿ ಗಾರ್ಮ್ಲಿ. ಒಂದು ಊರಿನ ಸಾಮಾನ್ಯ ಜನರ ಕೈಲೇ ಸುಮಾರು 40,000 ಪುಟ್ಟ ಮಣ್ಣಿನ ಆಕೃತಿ ಮಾಡಿಸಿ ರೂಮಿನ ನೆಲ ಪೂರ್ತಿ ತುಂಬ್ಸಿದ್ರು, ಕೈ ಇಲ್ಲ ಕಾಲಿಲ್ಲ ಬಾಯಿಲ್ಲ, ಬರೀ ಎರಡು ತೂತು, ಅಷ್ಟೂ ಗೊಂಬೆಗಳು ಬಾಗಿಲಲ್ಲಿ ನಿಂತೋರನ್ನೇ ದಿಟ್ಟಿಸ್ತವೆ. 1994ರಲ್ಲಿ ಅವರಿಗೆ ಅಲ್ಲಿನ ದೊಡ್ಡ ಕಲಾ ಪ್ರಶಸ್ತಿ ಟರ್ನರ್ ಪ್ರೈಜ್ ಬಂತು. ನಮ್ಮ ಕಲಾವಿದರಿಗೆ ಇದನ್ನ ಹೇಳಿದ್ರೆ ನಕ್ಕರು, ಕಾಲೇಜಲ್ಲಿ ಸ್ಲೈಡ್ ತೋರಿಸಿದ್ರಂತೆ, ಆದ್ರೆ ಕಣ್ಣಿನ ಪಾಠ ಕಲಿತಿದ್ದು ಅಲ್ಲಲ್ಲ, ಊರಲ್ಲಿ ಜೋಕುಮಾರನ್ನ ಮಾಡೋದನ್ನ ನೋಡಿ ಅಂದ್ರು.

ಅದನ್ನ ಕೇಳಿ ನನಗೆ ಖುಷಿಯಾಗಿದ್ದಕ್ಕೆ ಕಾರಣ ಇದೆ. ಸ್ವಲ್ಪ ಹೊತ್ತಿಗೆ ಮುಂಚೆ ತಾನೇ ಮೊಮ್ಮಗನ ಕೈ ಹಿಡ್ಕೊಂಡು ಬಂದಿದ್ದ ಒಬ್ಬ ಅಜ್ಜಿ ಬಾಯಿ ತೆರೆದು ಕೂತ ಗೊಂಬೆ ಮುಂದೆ ನಿಂತು, "ಏ ತಮ್ಮಾ, ಜೋಕಪ್ಪ ಇದ್ದಂಗ ಐತಿ ನೋಡೋ" ಅಂದಿದ್ರು. ಆ ಸಂಜೆ ಬಂದ ಅಷ್ಟು ಜನರಲ್ಲಿ ಅತಿ ಸರಿಯಾದ ಮಾತು ಆಡಿದ್ದು ಆ ಅಜ್ಜಿನೇ ಅಂತ ನನ್ನ ಅಭಿಪ್ರಾಯ. ಸಿಟಿಲಿ ಬೆಳೆದ ಹುಡುಗ್ರಿಗೆ ಗೊತ್ತಿರಲಿಕ್ಕಿಲ್ಲ, ಗಣೇಶನ ಹಬ್ಬ ಆಗಿ ನಾಲ್ಕು ದಿನಕ್ಕೆ, ಭಾದ್ರಪದ ಶುದ್ಧ ಅಷ್ಟಮಿ ದಿನ, ಜೋಕುಮಾರ ಹುಟ್ತಾನೆ. ಅಗಲ ಮುಖ, ಬಿಟ್ಟ ಕಣ್ಣು, ಹುರಿ ಮೀಸೆ, ತೆರೆದ ಬಾಯಿ, ಎಲ್ಲಾ ಹಸಿ ಮಣ್ಣು. ಬಾಯಿಗೆ ಬೆಣ್ಣೆ ಮೆತ್ತಿ, ಬುಟ್ಟೀಲಿ ಬೇವಿನ ಸೊಪ್ಪಿನ ಮಧ್ಯೆ ಕೂರಿಸ್ಕೊಂಡು ಹೆಣ್ಮಕ್ಕಳು ಮನೆ ಮನೆಗೆ ಹೊತ್ಕೊಂಡು ಹೋಗಿ ಹಾಡ್ತಾರೆ, ಮನೆಯೋರು ಕಾಳು ಕಡಿ ಮೊರಕ್ಕೆ ಹಾಕ್ತಾರೆ, ಹುಣ್ಣಿಮೆ ರಾತ್ರಿ ಅವನ ಕತೆ ಮುಗೀತು. ಏಳು ದಿನದ ಆಯಸ್ಸು. ಆ ಬಾಯಿ ಅಷ್ಟು ದೊಡ್ಡದಾಗಿರೋದು ಬೆಣ್ಣೆ ಹಿಡೀಬೇಕಲ್ಲ ಅದಕ್ಕೆ, ಕಣ್ಣು ಅಷ್ಟು ದೊಡ್ಡದಾಗಿರೋದು ಬೀದಿಯ ಆ ತುದಿಯಿಂದ ಕಾಣ್ಬೇಕಲ್ಲ ಅದಕ್ಕೆ. ಇದ್ದಂಗೆ ತೋರ್ಸೋದು ಬಿಟ್ಟು ಭಾವಕ್ಕೆ ತಕ್ಕಂಗೆ ರೂಪ ಹಿಗ್ಗಿಸೋದಕ್ಕೆ ಗ್ಯಾಲರಿ ಭಾಷೇಲಿ ಎಕ್ಸ್‌ಪ್ರೆಷನಿಸಂ ಅಂತಾರೆ, ನಮ್ಮ ಕಡೆ ಕುಂಬಾರರು ಯಾವ ಇಸಮ್ಮೂ ಇಲ್ಲದೆ ಮಾಡ್ಕೊಂಡು ಬಂದಿದ್ದಾರೆ.

ಜೋಕುಮಾರ ಒಬ್ಬನೇ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು ಮಾಡಿ ಪೂಜೆ ಮಾಡಿ ಕೆರೆಗೋ ಹೊಲಕ್ಕೋ ಬಿಡ್ತೀವಿ, ಗಣಪತಿನ ಕಳಿಸ್ತೀವಿ (ಪಿಒಪಿ ಗಣಪ ನೀರಲ್ಲಿ ಕರಗದೆ ಸೊಂಡಿಲು ಮೇಲೆತ್ಕೊಂಡು ತೇಲೋ ಕತೆ ಬೇರೆ). ಅಂದ್ರೆ ನಮ್ಮ ಕಣ್ಣಿಗೆ ಮಣ್ಣಿನ ಮೂರ್ತಿ ಅಂದ್ರೆ ಹಸಿ ಮಣ್ಣು, ಅದು ದೇವ್ರು, ಬಂದು ಹೋಗೋದು. ಸುಡೋದು ಮಡಕೆ, ಹೆಂಚು, ಹಣತೆ, ಅಂದ್ರೆ ಮನೆ ಸಾಮಾನು. ಈ ಯಪ್ಪ ಏನ್ ಮಾಡಿದ್ದಾರೆ ಅಂದ್ರೆ ದೇವರ ಜಾಗದಲ್ಲಿ ಹಮಾಲಿನ ಕೂರ್ಸಿ, ಅವನನ್ನ ಆವಿಗೆಲಿ, ಅಂದ್ರೆ ಕುಂಬಾರರ ಭಟ್ಟಿಲಿ ಸುಟ್ಟು, ಹೋಗ್ದಂಗೆ ಮಾಡಿ, ಪೀಠದ ಮೇಲೆ ಇಟ್ಟಿದ್ದಾರೆ. ಜನ ಗಲಿಬಿಲಿ ಆಗದೆ ಇನ್ನೇನು? ಯಾವ ದೇವ್ರು ಅಂತ ಕೇಳೋದನ್ನ ದಡ್ಡತನ ಅಂತ ನಕ್ಕು ಬಿಡೋಕೆ ನಂಗೆ ಮನಸ್ಸಿಲ್ಲ, ಅವರು ತಮಗೆ ಗೊತ್ತಿರೋ ಮಣ್ಣಿನ ಲೆಕ್ಕದಲ್ಲೇ ಕೇಳ್ತಿದ್ದಾರೆ, ಈ ಗೊಂಬೆ ಆ ಲೆಕ್ಕಕ್ಕೆ ಸಿಗ್ತಿಲ್ಲ.

ಇನ್ನೊಂದು ಅಡ್ಡಿ ಇದೆ. ನಾವೆಲ್ಲ ಸ್ಕೂಲ್ ಟ್ರಿಪ್ಪಲ್ಲಿ ಹರಿಹರಕ್ಕೆ ಹೋಗಿ ಹರಿಹರೇಶ್ವರ ದೇವಸ್ಥಾನ ನೋಡಿ ಬೆಳೆದೋರು, ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಸಿದ್ದು, ಬಳಪದ ಕಲ್ಲಿನ ಆ ಕಡೆದ ಕಂಬಗಳ ನುಣುಪು ನೋಡಿ ಮೇಷ್ಟ್ರು "ನೋಡ್ರೋ ಎಷ್ಟು ನೈಸಾಗಿದೆ" ಅಂದಿದ್ದು ತಲೇಲಿ ಕೂತುಬಿಟ್ಟಿದೆ. ಶಿಲ್ಪ ಅಂದ್ರೆ ನೈಸಾಗಿರ್ಬೇಕು. ಇಲ್ಲಿ ನೋಡಿದ್ರೆ ಒಂದು ಕಿವಿ ಇದೆ ಇನ್ನೊಂದಿಲ್ಲ, ಬೆರಳು ಮೂರೇ ಕಾಣ್ತವೆ, ಮೈ ತುಂಬ ಉಬ್ಬು ತಗ್ಗು. ನನ್ನ ಪಕ್ಕ ನಿಂತಿದ್ದ ಒಬ್ರು "ಇನ್ನೂ ಫಿನಿಶಿಂಗ್ ಬಾಕಿ ಐತೇನೋ" ಅಂದ್ರು. ಕಲ್ಲಲ್ಲಿ ಕೆತ್ತಿ ತೆಗೀಬೇಕು, ತೆಗೆದಿದ್ದು ವಾಪಸ್ ಬರಲ್ಲ, ಅದಕ್ಕೆ ಶಿಲ್ಪಿ ಉಸಿರು ಬಿಗಿ ಹಿಡಿದು ಅಳತೆ ನೋಡಿ ನೋಡಿ ಹೋಗ್ತಾನೆ. ಮಣ್ಣು ಹಂಗಲ್ಲ, ಹಾಕ್ಬೋದು ತೆಗೀಬೋದು, ಬೇಡ ಅಂದ್ರೆ ಗುದ್ದಿ ಮುದ್ದೆ ಮಾಡಿ ಮತ್ತೆ ಶುರು ಮಾಡ್ಬೋದು. ಕೈಗೆ ಸಿಟ್ಟಿದ್ರೆ ಸಿಟ್ಟು, ಸುಸ್ತಿದ್ರೆ ಸುಸ್ತು, ಒತ್ತಿದ ಜಾಗದಲ್ಲೇ ಉಳಿಯುತ್ತೆ. ಅದನ್ನ ಸವರಿ ನೈಸ್ ಮಾಡಿಬಿಟ್ರೆ ಇನ್ನೇನು ಉಳೀತು ಅಲ್ಲಿ.

ಸರಿ, ಕೂತಿರೋರೇ ಯಾಕೆ ಜಾಸ್ತಿ? ನಾನು ಏನೇನೋ ದೊಡ್ಡ ಅರ್ಥ ಊಹಿಸ್ಕೊಂಡು ಕೇಳಿದ್ರೆ ಅವರು ಸಿಂಪಲ್ಲಾಗಿ "ನಿಂತ್ರೆ ಬಿದ್ದೋಗ್ತವೆ ಕಣ್ರೀ" ಅಂದ್ರು. ಪ್ಲಾಸ್ಟರಲ್ಲೋ ಸಿಮೆಂಟಲ್ಲೋ ಮಾಡೋರು ಒಳಗೆ ಕಬ್ಬಿಣದ ಸರಳು ಹಾಕ್ತಾರೆ. ಸುಡೋ ಮಣ್ಣಿಗೆ ಅದು ನಡೆಯಲ್ಲ, ಮಣ್ಣು ಒಣಗ್ತಾ ಕುಗ್ಗುತ್ತೆ, ಕಬ್ಬಿಣ ಕುಗ್ಗಲ್ಲ, ಮೈ ಎಲ್ಲಾ ಬಿರಿಯುತ್ತೆ. ಸರಳಿಲ್ಲದೆ ಸಣ್ಣ ಕಾಲಿನ ಮೇಲೆ ದೊಡ್ಡ ಮೈ ನಿಲ್ಲಲ್ಲ. ಚೀನಾದಲ್ಲಿ 1974ರಲ್ಲಿ ಬಾವಿ ತೋಡೋ ರೈತರಿಗೆ ಸಿಕ್ಕ ಆ ಮಣ್ಣಿನ ಸೈನಿಕರಿದ್ದಾರಲ್ಲ, ಆಳೆತ್ತರದೋರು, ಅವರ ಕಾಲು ಗಟ್ಟಿ, ಮೈ ಟೊಳ್ಳು, ಅದಕ್ಕೇ ಸರಳಿಲ್ಲದೆ ಅವರನ್ನ ನಿಲ್ಸೋಕಾಗಿದ್ದು. ಇವರು ನಿಲ್ಲಿಸೋ ಹಠಕ್ಕೆ ಬಿದ್ದಿಲ್ಲ, ಕೂರಿಸಿದ್ರು. ಕೂರಿಸಿದ ಮೇಲೆ ಕೂತೋರನ್ನೇ ಗಮನಿಸೋಕೆ ಶುರು ಮಾಡಿದ್ರಂತೆ, ಬಸ್ ಸ್ಟ್ಯಾಂಡಲ್ಲಿ, ಆಸ್ಪತ್ರೆ ಹೊರಗೆ, ಎಪಿಎಂಸಿಲಿ ಲಾರಿ ನೆರಳಲ್ಲಿ. ಮಣ್ಣಿನ ಕೈಲಾಗದ ಕೆಲಸದಿಂದ ಹುಟ್ಟಿದ ಸಬ್ಜೆಕ್ಟ್ ಅದು.

ಹಮಾಲಿ ಗೊಂಬೆ ಬಗ್ಗೆ ಹೇಳ್ಲೇಬೇಕು. ಬಲ ಭುಜ ಎಡಕ್ಕಿಂತ ಎರಡು ಬೆರಳು ಕೆಳಗಿದೆ, ಕುತ್ತಿಗೆ ಎಡಕ್ಕೆ ವಾಲಿದೆ, ಚೀಲ ಇಲ್ಲ. ಚೀಲ ಇಳಿಸಿ ಎಷ್ಟೋ ಹೊತ್ತಾಗಿದೆ, ಮೈ ಇನ್ನೂ ಇಳಿಸಿಲ್ಲ. ಅದರ ಪಕ್ಕದಲ್ಲೇ ಮಂಡಕ್ಕಿ ಭಟ್ಟಿಯವನು, ನಮ್ಮೂರ ಮಂಡಕ್ಕಿ ಮೆಣಸಿನಕಾಯಿ ತಿನ್ನೋರು ಎಲ್ರೂ ಒಂದ್ಸಲ ಆ ಭಟ್ಟಿಗಳ ಒಳಗೆ ಹೋಗಿ ಹತ್ತು ನಿಮಿಷ ನಿಂತು ಬರ್ಬೇಕು, ಕಾದ ಮರಳಿನ ಧಗೆ, ಹೊಗೆ, ಅದ್ರ ಮುಂದೆ ದಿನವಿಡೀ ಕೈ ಆಡಿಸ್ತಾ ಇರೋರು. ಈ ಗೊಂಬೆ ಮುಖ ಬೆಂಕಿಯಿಂದ ಪಕ್ಕಕ್ಕೆ ತಿರುಗಿದೆ, ಕಣ್ಣು ಗುಳಿ ಅಲ್ಲ, ಉಗುರಲ್ಲಿ ಎಳೆದ ಎರಡು ಗೀರು. ಒಂದು ಕೆನ್ನೆ ಕೆಂಪು, ಇನ್ನೊಂದು ಕೆನ್ನೆ ಪೂರ್ತಿ ಕಪ್ಪು. ಬಣ್ಣ ಬಳಿದಿಲ್ಲ. ಮಣ್ಣಲ್ಲಿರೋ ಕಬ್ಬಿಣದ ಅಂಶ ಗಾಳಿ ಸಿಕ್ಕಿ ಬೆಂದ್ರೆ ಕೆಂಪಾಗುತ್ತೆ, ಗಾಳಿ ಸಿಗದೆ ಹೊಗೇಲಿ ಬೆಂದ್ರೆ ಕಪ್ಪಾಗುತ್ತೆ, ಇವರು ಗೊಂಬೆಯ ಅರ್ಧ ಮುಖವನ್ನ ಭತ್ತದ ಹೊಟ್ಟಲ್ಲಿ ಹೂತು ಸುಟ್ಟಿದ್ದಾರೆ. ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ ಬಿಡಿ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಚಿತ್ರದುರ್ಗದ ಚಂದ್ರವಳ್ಳಿ ಎರಡೂ ಕಡೆ ಅಗೆಸಿದ್ರಲ್ಲ, ಬ್ರಹ್ಮಗಿರಿಯ ಕಲ್ಲುಗೋರಿಗಳಲ್ಲಿ ಸಿಕ್ಕ ಮಡಕೆಗಳು ಹಿಂಗೇ, ಒಳಗೆ ಮತ್ತೆ ಬಾಯಿ ಸುತ್ತ ಕಪ್ಪು, ಹೊರಗೆ ಕೆಳಗಡೆ ಕೆಂಪು. ಬೋರಲು ಹಾಕಿ ಸುಟ್ರೆ ಬಾಯಿಗೆ ಗಾಳಿ ಸಿಗಲ್ಲ. ಅಶೋಕನ ಶಾಸನ ನೋಡೋಕೆ ಅಂತ ಬ್ರಹ್ಮಗಿರಿಗೆ ಹೋಗೋರು ಮಡಕೆ ಕಡೆ ತಿರುಗಿ ಸಹ ನೋಡಲ್ಲ.

ಮಣ್ಣು ಎಲ್ಲಿಂದ ತರ್ತೀರಿ ಅಂದ್ರೆ ಊರ ಕೆರೆಯದು ಅಂದ್ರು. ನಮ್ಮ ಕಡೆ ಎರೆ ಮಣ್ಣು ಬೇಕಾದಷ್ಟಿದೆ, ಆದ್ರೆ ಅದು ನೀರು ಕುಡಿದು ಉಬ್ಬಿ, ಒಣಗಿದಾಗ ಹೊಲದ ತುಂಬ ಬಾಯಿ ಬಿಡೋ ಜಾತಿ, ಗೊಂಬೆಗೆ ಆಗಲ್ಲ. ಕೆರೆ ಜೇಡಿಗೆ ಮರಳು, ಹಳೇ ಹೆಂಚು ಕುಟ್ಟಿದ ಪುಡಿ ಸೇರಿಸಿ, ರೊಟ್ಟಿ ಹಿಟ್ಟು ನಾದಿದಂಗೆ ನಾದಬೇಕು, ಒಳಗೆ ಗಾಳಿ ಗುಳ್ಳೆ ಉಳೀಬಾರ್ದು. ಹೆಂಚಿನ ಪುಡಿ ಆಗಲೇ ಒಂದ್ಸಲ ಬೆಂದಿರೋದ್ರಿಂದ ಮತ್ತೆ ಕುಗ್ಗಲ್ಲ, ಅದು ಇದ್ರೆ ಬಿರುಕು ಕಡಿಮೆ. ಆದ್ರೂ ಹನ್ನೊಂದು ಇಂಚಿನ ಗೊಂಬೆ ಒಣಗಿ ಬೆಂದು ಬರೋ ಹೊತ್ತಿಗೆ ಹತ್ತಿಂಚು ಆಗಿರುತ್ತಂತೆ. ಒಳಗೆ ಟೊಳ್ಳು ಬಿಡ್ಬೇಕು, ಕೆಳಗೆ ಒಂದು ತೂತು ಇರ್ಬೇಕು, ಪ್ಲಾಸ್ಟಿಕ್ ಮುಚ್ಚಿ ವಾರಗಟ್ಟಲೆ ನಿಧಾನಕ್ಕೆ ಒಣಗಿಸ್ಬೇಕು. ಆವಿಗೆಲಿ ಇಟ್ಟ ಮೇಲೆ ಮೊದಲು ಸೌದೆ ಸಣ್ಣಗೆ ಉರೀಬೇಕು, ಮಣ್ಣಲ್ಲಿ ಹಸಿ ಉಳಿದಿದ್ರೆ ನೂರು ಡಿಗ್ರಿ ದಾಟ್ತಿದ್ದಂಗೆ ಆವಿ ಆಗಿ ಢಮಾರ್, ತಲೆ ಒಂದ್ ಕಡೆ ಮೈ ಒಂದ್ ಕಡೆ. ಅಲ್ಲಿಂದ 900 ಡಿಗ್ರಿ ಹತ್ರ ಹೋಗಿ, ಮತ್ತೆ ತಾನಾಗೇ ಆರೋ ತನಕ ಬಾಗಿಲು ತೆಗೆಯೋ ಹಂಗಿಲ್ಲ. ಅವಸರ ಮಾಡಿದ್ರೆ ತಣ್ಣನೆ ಗಾಳಿಗೇ ಸೀಳುತ್ತೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತ ಸುಮ್ನೆ ಗಾದೆ ಮಾಡಿಲ್ಲ, ಇಲ್ಲಿ ದೊಣ್ಣೆನೂ ಬೇಕಾಗಿಲ್ಲ.

ಎಲ್ಲಾನೂ ಚೆನ್ನಾಗಿತ್ತು ಅಂತ ಹೊಗಳೋಕೆ ಬಂದಿಲ್ಲ ನಾನು. ಗೋಡೆ ಮೇಲೆ ಸಾಲಾಗಿ ನೇತು ಹಾಕಿದ್ದ ಮುಖವಾಡಗಳು ನಂಗೆ ಸೇರ್ಲಿಲ್ಲ, ಒಂದು ನಗು, ಒಂದು ಅಳು, ಒಂದು ಕೋಪ, ನಾಟಕ ಕಂಪನಿ ಬೋರ್ಡಲ್ಲಿ ನೋಡಿದಂಥವೇ. ಆಕಾಶ ನೋಡ್ತಾ ಕೂತ ರೈತನೂ ಅಷ್ಟೇ, ಸರ್ಕಾರಿ ಕ್ಯಾಲೆಂಡರಿಂದ ಎದ್ದು ಬಂದು ಕೂತಿದ್ದಾನೆ, ಅವನ ಬೆನ್ನು ಕೂಡ ನುಣ್ಣಗಿತ್ತು, ನಾನು ಚೆಕ್ ಮಾಡಿದೆ. ಇನ್ನು ಹೆಸರುಗಳು. "ಮೌನ", "ಬೇಗುದಿ", "ಅಂತರಂಗ", "ಮೌನ 2". ಸ್ವಾಮಿ, ಅಷ್ಟು ಜೀವ ಇರೋ ಮುದುಕಿಗೆ "ಅಂತರಂಗ" ಅಂತ ಚೀಟಿ ಅಂಟಿಸಿದ್ರೆ ಅವಳಿಗೂ ಮುಜುಗರ. ಹೇಳಿದೆ ಅವರಿಗೆ, ಕ್ಯಾಟಲಾಗಿಗೆ ಏನಾದ್ರೂ ಬೇಕಲ್ರೀ ಅಂದ್ರು. ಲೈಟಿಂಗ್ ಅಂತೂ ಕೇಳ್ಬೇಡಿ, ನೆತ್ತಿ ಮೇಲೆ ಬಿಳಿ ಟ್ಯೂಬ್‌ಲೈಟು, ಬೆರಳ ಗುರುತುಗಳೆಲ್ಲ ಸಪಾಟಾಗಿ ಹೋಗಿದ್ವು. ಪಕ್ಕದಿಂದ ಒಂದು ಹಳದಿ ಬಲ್ಬ್ ಇದ್ದಿದ್ರೆ ಸಾಕಿತ್ತು, ನಾನು ಮೊಬೈಲ್ ಟಾರ್ಚ್ ಹಾಕಿ ಒಂದೊಂದನ್ನೇ ಪಕ್ಕದಿಂದ ನೋಡ್ತಾ ಹೋದೆ, ಅದನ್ನ ನೋಡಿ ಇನ್ನೂ ನಾಲ್ಕು ಜನ ಟಾರ್ಚ್ ಹಾಕಿದ್ರು, ಸೆಕ್ಯೂರಿಟಿಯವನು ಬಂದು ಏನ್ ಕಳೀತು ಅಂತ ಕೇಳ್ದ.

"ಮುಟ್ಟಬೇಡಿ" ಬೋರ್ಡ್ ಇತ್ತು, ಇರ್ಲೇಬೇಕು, ಆದ್ರೆ ಬಾಗಿಲ ಹತ್ರ ಟೇಬಲ್ ಮೇಲೆ ಹಸಿ ಮಣ್ಣಿನ ಒಂದು ದೊಡ್ಡ ಮುದ್ದೆ ಇಟ್ಟು ಯಾರು ಬೇಕಾದ್ರೂ ಮಾಡಿ ಅಂತ ಬಿಟ್ಟಿದ್ರು. ಮಕ್ಕಳು ಹಾವು, ಲಿಂಗ, ಗಣಪ ಮಾಡಿದ್ರು. ದೊಡ್ಡೋರು ಮೊದಲು ನಾಚ್ಕೊಂಡು ಆಮೇಲೆ ಮಕ್ಕಳಿಗೆ ಹೇಳ್ಕೊಡೋ ನೆಪದಲ್ಲಿ ಕೈ ಹಾಕಿ ಅಲ್ಲೇ ಸೆಟ್ಲಾಗಿಬಿಟ್ರು.

ರೇಟಿನ ಮಾತಿಗೆ ಬಂದ್ರೆ, ಆ ಮುದುಕಿಗೆ ಹನ್ನೆರಡು ಸಾವಿರ ಹಾಕಿದ್ರು. "ಮಣ್ಣಿಗಾ?" ಅಂತ ಒಬ್ರು ಹುಬ್ಬು ಹಾರಿಸಿದ್ರು, ಅವರ ಕೈಲಿದ್ದ ಫೋನು ಅದರ ಮೂರು ಪಟ್ಟು ಬೆಲೆಯದ್ದು. ಕಂಚಲ್ಲಿ ಎರಕ ಹೊಯ್ದಿದ್ರೆ ಒಂದೇ ಅಚ್ಚಿಂದ ಇನ್ನೂ ನಾಲ್ಕು ತೆಗೀಬೋದಿತ್ತು, ಇದು ಒಂದೇ, ಇದರ ಜೊತೆ ಆವಿಗೆಲಿ ಕೂತಿದ್ದ ಇನ್ನೊಬ್ಬಳು ಮುದುಕಿ ಸೊಂಟದ ಹತ್ರ ಸೀಳಿ ಹೋದಳಂತೆ. ಸೀಳಿದೋಳನ್ನ ಏನ್ ಮಾಡಿದ್ರಿ ಅಂದ್ರೆ, ಕುಟ್ಟಿ ಪುಡಿ ಮಾಡಿ ಮುಂದಿನ ಗೊಂಬೆ ಮಣ್ಣಿಗೆ ಹಾಕ್ದೆ ಅಂದ್ರು, ಹೆಂಚಿನ ಪುಡಿಗಿಂತ ಚೆನ್ನಾಗಿ ಕೂರುತ್ತಂತೆ.

ಹೊರಡೋ ಮುಂಚೆ ಒಂದು ಕೇಳಿದೆ. ನಮ್ಮೂರ ಸರ್ಕಲ್ಲುಗಳಲ್ಲಿ ಇರೋವೆಲ್ಲ ಪ್ರತಿಮೆಗಳೂ ನಿಂತಿರೋವೇ, ದೊಡ್ಡ ಮನುಷ್ಯರವೇ, ಈ ಹಮಾಲಿನ ಆಳೆತ್ತರಕ್ಕೆ ಮಾಡಿ ಎಪಿಎಂಸಿ ಯಾರ್ಡಲ್ಲಿ ಕೂರಿಸಿದ್ರೆ ಮಳೆ ಬಿಸಿಲು ತಡೀತಾನಾ ಅಂತ. ತಡೀತಾನೆ ಅಂದ್ರು, ನಮ್ಮಲ್ಲಿ ಹಿಮ ಬೀಳಲ್ವಲ್ಲ, ಹೀರಿದ ನೀರು ಮಣ್ಣಿನೊಳಗೇ ಹೆಪ್ಪುಗಟ್ಟೋ ಊರುಗಳಲ್ಲಷ್ಟೇ ಸುಟ್ಟ ಮಣ್ಣು ಬೇಗ ಉದುರೋದು, ಆದ್ರೆ ಅಷ್ಟು ದೊಡ್ಡದನ್ನ ಒಂದೇ ಸಲ ಸುಡೋ ಆವಿಗೆ ತಮ್ಮ ಹತ್ರ ಇಲ್ಲ, ನಾಲ್ಕು ತುಂಡು ಮಾಡಿ ಸುಟ್ಟು ಜೋಡಿಸ್ಬೇಕು, ಲಾರಿ ರಿವರ್ಸ್ ಬರದೇ ಇರೋ ಕಡೆ ಒಂದು ಕಟ್ಟೆ ಬೇಕು. ಖರ್ಚು ಎಷ್ಟಾಗ್ಬೋದು ಅಂದೆ. ಚೀಟಿ ಹಿಂದುಗಡೆ ಲೆಕ್ಕ ಬರೆದು ಕೊಟ್ಟಿದ್ದಾರೆ, ವರ್ತಕರಲ್ಲಿ ಪರಿಚಯ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ ಹೇಳಿ, ಕಳಿಸ್ತೀನಿ.